ಉಬ್ಬರದಲ್ಲಿ ತುಂಬಿದ ಬಾಟಲಿ

ಬಾಂಜುಲ್
ಏಪ್ರಿಲ್ ೧೪, ೧೯೯೮

ಪ್ರೀತಿಯ ಅಮ್ಮನಿಗೆ,

ಮನೆಯಲ್ಲಿ ಶಾಂತಿಯೇ? ಅಪ್ಪನ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದು ಎರಡು ಸಲ ಬರೆದು ಹೊಡೆದುಹಾಕಿದೆ. ಚೆನ್ನಾಗಿಲ್ಲ.

ಫೆಬ್ರವರಿಯಲ್ಲಿ ನಮ್ಮ ಅಳಿವೆಯ ಸಿಂಪಿಗಳೆಲ್ಲ ಉಪ್ಪುನೀರಲ್ಲಿ ನಿಂತ ಕಾಂಡ್ಲಾ ಗಿಡಗಳ ಬೇರುಗಳ ಮೇಲೆಯೇ ಬಾಯಿ ತೆರೆದು ಸತ್ತಾಗ, ಸಿಂಪಿ ಕೀಳುವ ಹೆಂಗಸರ ಸಭೆಯಲ್ಲಿ ಮುಖ್ಯಸ್ಥೆಯಾಗಿ ನೀನು ಆಡಿದ ಮಾತು ನನ್ನ ಕಿವಿಗೂ ಬಿತ್ತು. "ನೀರು ಚೆನ್ನಾಗ್ ಅದೆ ಅಂತ ನನ್ ಮಗಳೇ ಬರ್ದ್ ಕೊಟ್ಟವ್ಳೆ. ಮತ್ಯಾಕೆ ಸತ್ವು? ಕೀಳಬಾರದ ತಿಂಗ್ಳಲ್ಲಿ ಕತ್ತಿ ಹಾಕಿದ್ ಕೈಯಿಂದ್ಲೇ." ಅಂದಿನಿಂದ, ನಿನ್ನ ಜೊತೆಗೇ ಸಿಂಪಿ ಕೀಳುತ್ತಿದ್ದ ನ್ಯೀಮಾ ಚಿಕ್ಕಮ್ಮನ ಜೊತೆ ಯಾರೂ ಮಾತಾಡುವುದಿಲ್ಲ. ಅವಳು ಕಿತ್ತದ್ದು ಒಂದು ಬುಟ್ಟಿ, ತನ್ನ ತಾಯಿ ತೀರಿದ ನಲವತ್ತನೆಯ ದಿನದ ಊಟಕ್ಕೆ. ಕಟ್ಟಳೆ ಮುರಿದದ್ದು ನಿಜ. ಸಿಂಪಿಗಳನ್ನು ಕೊಂದವಳು ಅವಳಲ್ಲ.

ನೀರು ಚೆನ್ನಾಗಿದೆ ಎಂದ ಆ ಕಾಗದವೇ ಸುಳ್ಳು, ಅಮ್ಮಾ.

ಮೇಲಿನ ಹೊಸ ಭತ್ತದ ಗದ್ದೆಗಳಿಗೆ ಸುರಿದ ಗೊಬ್ಬರ ಹೊಳೆಯಲ್ಲಿ ಇಳಿದು ಬರುತ್ತಿತ್ತು. ಅದನ್ನುಂಡು ಪಾಚಿ ಕೊಬ್ಬಿತು. ನೀರು ಹಸಿರಾದದ್ದನ್ನು ನೀವೆಲ್ಲ ಕಂಡಿದ್ದೀರಿ. ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯುವನ್ನೆಲ್ಲ ತಿಂದುಹಾಕುತ್ತದೆ. ಮೀನಾದರೆ ಓಡೀತು, ಬೇರಿಗೆ ಅಂಟಿದ ಸಿಂಪಿ ಎಲ್ಲಿಗೆ ಹೋದೀತು? ಹೊಳೆಯ ಗುಣ ತಿಳಿಯುವುದು ಇಳಿತದ ನೀರಿನಲ್ಲಿ. ನಾನು ಕೆಲಸಕ್ಕೆ ಸೇರಿದ ಹನ್ನೊಂದು ತಿಂಗಳೂ ಪರೀಕ್ಷೆಗೆಂದು ಬಾಟಲಿ ತುಂಬಿದ್ದು ಉಬ್ಬರದಲ್ಲಿ. ಇಳಿತದಲ್ಲಿ ದೋಣಿ ತಳ ಹಿಡಿಯುತ್ತದೆ, ತೊಡೆಯತನಕ ಕೆಸರಲ್ಲಿ ಹೂತು ನಡೆಯಬೇಕು. ನೀನು ಮೂವತ್ತು ವರ್ಷ ನಡೆದು ನನ್ನನ್ನು ಓದಿಸಿದ ಕೆಸರು ಅದು. ನೀರು ಪರೀಕ್ಷಿಸುವ ಕಚೇರಿ ಸೇರಿದ ಮೇಲೆ ನನಗೆ ಅದು ಹೇಸಿಗೆಯಾಯಿತು.

ನ್ಯೀಮಾ ಚಿಕ್ಕಮ್ಮ ಒಮ್ಮೆ ದಡದಿಂದಲೇ ಕೂಗಿದ್ದಳು: "ಏನೇ ಹುಡುಗಿ, ಸಮುದ್ರ ಬಂದು ತೊಳ್ದ್ ಮೇಲೆ ಹೊಳೆ ಕೊಳೆ ಕಾಣ್ತದೇನೇ? ನೀರು ಇಳಿಯೋ ಹೊತ್ಗೆ ಬಾ." ನಾನು ನಕ್ಕು, "ಯಂತ್ರಕ್ಕೆ ಎಲ್ಲಾ ಗೊತ್ತಾಗ್ತದೆ ಚಿಕ್ಕಮ್ಮ" ಎಂದಿದ್ದೆ.

ಕಳೆದ ವಾರ ಇಳಿತದಲ್ಲಿ ನೀರು ತಂದು ನೋಡಿದೆ. ಗೊಬ್ಬರದ ಅಂಶ ಉಬ್ಬರದ ನೀರಿಗಿಂತ ಒಂಬತ್ತು ಪಟ್ಟು ಹೆಚ್ಚಿತ್ತು. ಸಾಹೇಬರಿಗೆ ತಪ್ಪೊಪ್ಪಿ ಬರೆದುಕೊಟ್ಟಿದ್ದೇನೆ. ಕೆಲಸ ಉಳಿಯುತ್ತದೋ ಇಲ್ಲವೋ. ಬಹಿಷ್ಕಾರ ತೆಗೆಯುವುದು ಮಾತ್ರ ನಿನ್ನ ಕೈಯಲ್ಲಿದೆ. ಎಲ್ಲರನ್ನೂ ಮರದ ಕೆಳಗೆ ಕೂರಿಸಿ ನನ್ನ ಹೆಸರು ಹಿಡಿದೇ ಹೇಳು. ಮಗಳೆಂದು ನೋಡಬೇಡ.

ನಿನ್ನ ತಲೆ ತಗ್ಗಿಸಿದ ಮಗಳು,
ಜೈನಾಬಾ

ತಾ.ಕ.: ನ್ಯೀಮಾ ಚಿಕ್ಕಮ್ಮ, ಲಕೋಟೆಯ ಮೇಲೆ ನಿನ್ನ ಹೆಸರು ಬರೆದದ್ದು ಕೈತಪ್ಪಿ ಅಲ್ಲ. ಅಮ್ಮನಿಗೆ ಓದು ಬಾರದು, ನನ್ನ ಕಾಗದಗಳನ್ನು ಅವಳಿಗೆ ಓದಿ ಹೇಳುತ್ತಿದ್ದವಳು ನೀನೇ. ಈಗ ಅವಳು ನಿನ್ನ ಹೊಸಿಲು ತುಳಿಯುವುದಿಲ್ಲ. ಇದನ್ನು ಹಿಡಿದು ನೀನೇ ಅವಳ ಅಂಗಳಕ್ಕೆ ಹೋಗಬೇಕು. ನಿನ್ನನ್ನು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಅವಳು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಗಟ್ಟಿಯಾಗಿ ಓದು, ಬೀದಿಗೆಲ್ಲ ಕೇಳಲಿ.