ತಲೆಕೆಳಗಾದ ವೆಲ್ವೆಟ್

ನವೆಂಬರ್ 14, ಶುಕ್ರವಾರ

ತನ್ಮಯಿಯ ಕತ್ತರಿ ಓಡಿದ ಸದ್ದು ಇನ್ನೂ ಕಿವಿಯಲ್ಲಿದೆ. ನಾನು ತಡೆಯಲಿಲ್ಲ.

ಭಾನುವಾರ ಮಂಗಳೂರಿನಲ್ಲಿ ಅವಳ ಕಾಸ್‌ಪ್ಲೇ ಎಂಬ ವೇಷಸ್ಪರ್ಧೆ. ಕಾರ್ಟೂನಿನ ರಾಣಿಯ ವೇಷಕ್ಕೆ ಬಟ್ಟೆ ಆರಿಸಲು ಇವತ್ತು ಆಲಂಕಾರು ಊರಿನಿಂದ ಬಂದು ನನ್ನನ್ನೇ ಪುತ್ತೂರಿನ ಅಂಗಡಿಗೆ ಎಳೆದುಕೊಂಡು ಹೋದಳು. ಚಿಕ್ಕಮ್ಮನ ಮಗಳಲ್ಲವೇ. ಕಳೆದ ವರ್ಷ ನಾನು ಹೊಲಿದ ಅಂಗಿಯನ್ನು ಗೆಳತಿಯರ ಮುಂದೆ ಎತ್ತಿ ಹಿಡಿದು, "ಯಕ್ಷಗಾನದ ವೇಷ ಹೊಲಿಯುವವರಿಗೆ ಇದಕ್ಕಿಂತ ಹೆಚ್ಚು ಎಂತ ಗೊತ್ತುಂಟು?" ಎಂದು ನಕ್ಕವಳೂ ಅವಳೇ. ಅಲ್ಲೇ ವೇಷ ಹೊಲಿಯುತ್ತಿದ್ದ ಅಪ್ಪ ಮೆಷಿನ್ನಿನಿಂದ ತಲೆ ಎತ್ತಿರಲಿಲ್ಲ.

ನಮಗೆ ಗೊತ್ತಿರುವುದು ಇಷ್ಟು: ವೆಲ್ವೆಟ್ಟಿನ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಒಂದು ತುಂಡು ತಲೆಕೆಳಗಾದರೂ ಸಾಕು, ವೇದಿಕೆಯ ಬೆಳಕಿಗೆ ಅರ್ಧ ಮೈ ಕೆಂಪು, ಅರ್ಧ ಮೈ ಕಪ್ಪು ಕಾಣುತ್ತದೆ.

ಅವಳು ಕಾಟನ್ ಸಾಕೆಂದಿದ್ದಳು. ಕೆಂಪು ವೆಲ್ವೆಟ್ ತೆಗೆಸಿದವಳು ನಾನು.

"ಅಕ್ಕಾ, ಒಂದು ತುಂಡನ್ನು ತಲೆಕೆಳಗೆ ತಿರುಗಿಸಿ ಇಟ್ರೆ ಬಟ್ಟೆ ಉಳಿತದಲ್ಲ?" ಎಂದಳು, ಕತ್ತರಿಸಲು ಬಟ್ಟೆ ಹರಡಿಕೊಂಡು.

"ಹೌದು ಮಾರಾಯ್ತಿ, ಒಳ್ಳೆ ತಲೆ ಉಂಟು ನಿಂಗೆ," ಎಂದೆ.

ಉಳಿದ ಬಟ್ಟೆಯಲ್ಲಿ ಸಂಜೆ ನನಗೊಂದು ಪುಟ್ಟ ಚೀಲ ಹೊಲಿದುಕೊಟ್ಟಳು. "ಹೋದ ವರ್ಷ ನಾನು ಹಾಗೆ ಹೇಳಬಾರ್ದಿತ್ತು ಅಕ್ಕ," ಎಂದಳು.

ನಾಳೆ ಅಂಗಡಿ ತೆರೆದಿರುತ್ತದೆ. ಬೆಳಿಗ್ಗೆ ಹೇಳಿದರೆ ಬೇರೆ ಬಟ್ಟೆ ತಂದು ಹೊಲಿಯಲು ಸಮಯವಿದೆ. ಚೀಲವನ್ನು ಸವರುತ್ತಾ ಕೂತಿದ್ದೇನೆ. ನುಣುಪಾಗಿದೆ. ಹೇಳುವುದಿಲ್ಲ.

ಭಾನುವಾರ ಅಪ್ಪನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ತುಂಡು ತಲೆಕೆಳಗಾದದ್ದು ಒಂದೇ ನೋಟಕ್ಕೆ ಅವರಿಗೆ ತಿಳಿಯುತ್ತದೆ. ಆಮೇಲೆ, ಕತ್ತರಿಸುವಾಗ ನೀನು ಇರಲಿಲ್ಲವೇ ಎಂದು ಅವರು ನನ್ನ ಕಡೆ ತಿರುಗಿದರೆ…