ಓಣಿ ಒಪ್ಪದ ಪರವಾನಿಗೆ

ಎರಡು ಸಾವಿರದ ನೂರ ತೊಂಬತ್ತೊಂದನೇ ಇಸವಿ, ಕಡುಬಿಸಿಲು ತಿಂಗಳ ಮೂವತ್ತನಾಲ್ಕನೇ ದಿನ
ಬಣಗಾರ ಓಣಿ, ಕಲ್ಲಹಟ್ಟಿ

ಇದೇ ಓಣಿಯಲ್ಲಿ ನಮಗಿಂತ ಮೊದಲು ಬಾಳಿದ ಹಿರಿಯರಿಗೆ ಚೆನ್ನವ್ವ ಕಲಾಲಳ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮ್ಮ ತಿಂಗಳುಗಳೂ ಉದ್ದವಾದವು. ನಿಮಗೆ ಗುರುತು ಸಿಗದ ಮಾತು ಬಂದರೆ ಮನ್ನಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ಹೆಂಡ ಮಾರುವವಳು. ಬಿಸಿಲಿನ ಕಾಟಕ್ಕೆ ನಮ್ಮ ಅಂಗಡಿಗಳೆಲ್ಲ ನೆಲಮಾಳಿಗೆ ಸೇರಿವೆ. ನನ್ನದೂ ಹಾಗೆಯೇ: ಮೆಟ್ಟಿಲಿಳಿದರೆ ತಂಪು, ಜೋಳದ ಹೆಂಡದ ಹುಳಿ ವಾಸನೆ, ಹುರಿಗಡಲೆ, ಹೆಚ್ಚಿದ ಉಳ್ಳಾಗಡ್ಡಿ. ನೇಯ್ಗೆ ಮುಗಿಸಿದವರು ಬಂದು ಕೂರುತ್ತಾರೆ, ಜಗಳಾಡುತ್ತಾರೆ, ಏಳುತ್ತಾರೆ. ಈ ಅಂಗಡಿಗೆ ಪರವಾನಿಗೆ ಕೊಡುವುದು 'ಕೈಯೆತ್ತು'. ವರ್ಷಕ್ಕೊಮ್ಮೆ ಓಣಿಯ ದೊಡ್ಡವರೆಲ್ಲ ಸೇರಿ ಅಂಗಡಿ ಇರಬೇಕೋ ಬೇಡವೋ, ಇದ್ದರೆ ಎಷ್ಟು ಹೊತ್ತಿನವರೆಗೆ ಎಂದು ಕೈಯೆತ್ತಿ ತೀರ್ಮಾನಿಸುವ ಸಭೆ ಅದು.

ಎದುರುಮನೆಯ ಮಾಬೂಬಿ ಪ್ರತಿವರ್ಷ ನನ್ನ ವಿರುದ್ಧ ಕೈಯೆತ್ತುತ್ತಾಳೆ. ಅವಳ ಗಂಡ ಕುಡಿದು ಕುಡಿದೇ ಸತ್ತ. ನನ್ನ ಅಂಗಡಿಯಲ್ಲಲ್ಲ, ಆದರೂ ಹೆಂಡ ಹೆಂಡವೇ. ಒಂದು ವರ್ಷ ಅವಳ ಮಾತಿಗೆ ಓಣಿ ತಲೆದೂಗಿತು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ನಾನು ಬಾಗಿಲು ಹಾಕಬೇಕು. ಸಭೆಯಲ್ಲೇ ಅವಳೊಂದಿಗೆ ಜಗಳವಾಡಿದೆ. ಆದರೂ ಬಾಗಿಲು ಹಾಕಿದೆ.

ಈ ವರ್ಷ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದ. ಇನ್ನು ಕೈಯೆತ್ತು ಇಲ್ಲ, ಪರವಾನಿಗೆ ಮೇಲಿನಿಂದಲೇ ಬರುತ್ತದೆ, ಅದೂ ಜೀವಮಾನಕ್ಕೆ ಎಂದ.

"ಇನ್ನ ಮ್ಯಾಲೆ ಓಣಿ ಮಂದೀನ ಕೇಳೂದು ಬ್ಯಾಡ್ರಿ ಅಕ್ಕಾರ. ನಡುರಾತ್ರಿತನಾ ಮಾರ್ರಿ. ನಿಮಗ ಲಾಭ ಬ್ಯಾಡೇನು?"

"ಲಾಭ ಬೇಕ್ರಿ," ಅಂದೆ. "ಆದ್ರ ನನ್ನ ಬಾಗಲಾ ಮುಚ್ಚು ಅನ್ನೂ ಹಕ್ಕು ಮಾಬೂಬಿ ಕೈಯಾಗ ಇರಬೇಕು. ಅಕೀ ಮನಿ ಮುಂದ ಅಂಗಡಿ ಐತಿ, ನಿಮ್ಮ ಮನಿ ಮುಂದಲ್ಲ."

ಅವನ ಪರವಾನಿಗೆ ಒಲ್ಲೆನೆಂದದ್ದಕ್ಕೆ ಅವನು ನನ್ನ ಅಂಗಡಿಗೆ ಬೀಗ ಜಡಿದು ಹೋದ. ಆ ವಾರವೇ ಓಣಿಯ ಮೂಲೆಯಲ್ಲಿ 'ಸುರಿಗೂಡು' ಬಂದು ನಿಂತಿತು. ಅದು ಮನುಷ್ಯರಿಲ್ಲದ ಅಂಗಡಿ. ಅಂಗೈ ತೋರಿಸಿದರೆ ಎಷ್ಟು ಬೇಕಾದರೂ ಸುರಿಯುತ್ತದೆ. ಸಾಕು, ಮನೆಗೆ ಹೋಗು ಎನ್ನುವ ಬಾಯಿ ಅದಕ್ಕಿಲ್ಲ.

ಅಂದು ಸಂಜೆ ಮಾಬೂಬಿ ಹಗ್ಗದ ಹೊರಸು ತಂದು ಅದರ ಮುಂದೆ ಹಾಕಿ ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಸರಿದು ಜಾಗ ಕೊಟ್ಟಳು, ಮುಖ ಮಾತ್ರ ಆಚೆಗಿತ್ತು.

"ನಿನ್ನ ಅಂಗಡಿ ತೆರದ್ರ ಮುಂದಿನ ವರ್ಷ ಮತ್ತ ನಿನ್ನ ವಿರುದ್ಧನ ಕೈ ಎತ್ತತೇನಿ," ಅಂದಳು.

"ಎತ್ತು. ಅದಕ್ಕಂತನ ಕುಂತೇನಿ."

ಮರುದಿನದಿಂದ ಓಣಿಯೇ ಬಂದು ಕೂತಿತು. ಹೆಂಗಸರು ಕಾಳು ಹಸನು ಮಾಡುತ್ತ, ನನ್ನ ಗಿರಾಕಿಗಳು ಸುಮ್ಮನೆ. ಮೊದಮೊದಲು ಒಂದಿಬ್ಬರು ನಮ್ಮನ್ನು ದಾಟಿಹೋಗಿ ಕುಡಿದರು. ಯಾರೂ ತಡೆಯಲಿಲ್ಲ. ಕುಡಿಯುವವರ ಮೇಲಲ್ಲ ನಮ್ಮ ಸಿಟ್ಟು. ಆಮೇಲೆ ಅವರೂ ಬಂದು ಕೂತರು. ಈಗ ಸುರಿಗೂಡಿನ ನಲ್ಲಿ ಒಣಗಿದೆ. ಪಕ್ಕದ ಊರುಗಳಲ್ಲೂ ಹೊರಸುಗಳು ಬೀದಿಗೆ ಬಂದಿವೆಯೆಂದು ಸುದ್ದಿ.

ನಾಳೆ ರಾಜಧಾನಿಯವರು ನಮ್ಮನ್ನು ಎಬ್ಬಿಸಲು ಬರುತ್ತಾರಂತೆ. ಬರಲಿ. ಎತ್ತಿಕೊಂಡು ಹೋದರೆ ಹೋಗುತ್ತೇವೆ, ಎದ್ದು ಮಾತ್ರ ಹೋಗುವುದಿಲ್ಲ.

ಹಿರಿಯರೇ, ನಿಮ್ಮ ಓಣಿಯಲ್ಲಿ ಯಾರಾದರೂ ಹೊಸ ಅಂಗಡಿ ತೆರೆಯಲು ಬಂದಾಗ, ಬೇಕಾದರೆ ಬೇಕು ಎನ್ನಿ, ಬೇಡವಾದರೆ ಬೇಡ ಎನ್ನಿ. ಬಾಯಿಬಿಟ್ಟು ಅನ್ನಿ. ನೀವು ಸುಮ್ಮನಿದ್ದ ಜಾಗದಲ್ಲೇ ನಾವು ಇವತ್ತು ಕೂತಿದ್ದೇವೆ.