ಖರೆ ಹೇಳಿದವಗ ಛಡಿ ಇಲ್ಲ

ಬನಹಟ್ಟಿ
ತಾ. ೧೯ ಜನವರಿ ೧೯೫೪

ಪ್ರೀತಿಯ ಗಿರಿಮಲ್ಲಣ್ಣಾ,

ನಿನ್ನ ತಮ್ಮ ಶಿದ್ರಾಮಪ್ಪನ ಶರಣಾರ್ಥಿ. ಅನಂತ ಮಾಸ್ತರರ ಮನೆಯನ್ನು ಆ ಗುಂಪಿಗೆ ತೋರಿಸಿದವನು ನೀನಲ್ಲ, ನಾನು. ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ಮಳೆ, ಬೆಳೆ, ಅವ್ವನ ಮೊಣಕಾಲು ಎಂದು ಕಾಗದ ತುಂಬಿಸಿ, ಹಿಂದಿನ ಪತ್ರಗಳ ಹಾಗೆ ಇದನ್ನೂ ಮಡಚಿ ಅಂಚೆಗೆ ಹಾಕುತ್ತಿದ್ದೆ.

ನಿನ್ನ ಕೆಮ್ಮು ಹೇಗಿದೆ? ಸೊಲ್ಲಾಪುರದ ಗಿರಣಿಯ ಅರಳೆ ಧೂಳು ಎದೆಗೆ ಇಳಿಯುತ್ತದಂತೆ. ಮಲಗುವಾಗ ಬಾಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೋ. ಅವ್ವ ದಿನಕ್ಕೊಮ್ಮೆಯಾದರೂ "ಗಿರಮಲ್ಲ ಒಂದ ಸಾಲು ಬರದರ ಕೈ ಸವೀತದೇನು?" ಎನ್ನುತ್ತಾಳೆ. ನನ್ನ ಸುದ್ದಿ ಕೇಳಬೇಡ. ಶಾಲೆ ಬಿಟ್ಟೆ, ಮಗ್ಗ ಬಿಟ್ಟೆ, ರಬಕವಿಯ ಸಾತಪ್ಪನ ಕಿರಾಣಿ ಅಂಗಡಿಯನ್ನೂ ಬಿಟ್ಟೆ. ಬೇಳೆ ಹಳೆಯದೋ ಹೊಸದೋ ಎಂದು ಗಿರಾಕಿ ಕೇಳಿದರೆ ಹಳೆಯದು ಎಂದೆ, ಅಷ್ಟೇ. ಅಪ್ಪ "ಈ ಹರಿಶ್ಚಂದ್ರನ್ನ ಎಲ್ಲಿ ಇಡಲಿಪಾ?" ಎಂದು ಹಣೆ ಬಡಿದುಕೊಂಡ. ಊರೆಲ್ಲ ನನ್ನನ್ನು ಹಾಗೇ ಕರೆಯುತ್ತದೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಸಂಕ್ರಾಂತಿಗೆ ಮಿರಜದಿಂದ ಮಾಸ್ತರರ ಹೆಂಡತಿ ಕುಮುದಿನಿಬಾಯಿಯವರ ಕಾರ್ಡು ಬಂತು. ಅವ್ವನಿಗೆ ಓದಿ ಹೇಳುವವನು ನಾನೇ ತಾನೆ? ಶಿದ್ರಾಮ ಈಗ ಶಾಲೆಯಲ್ಲಿ ಎಷ್ಟನೇ ಇಯತ್ತೆ ಎಂದು ಕೇಳಿದ್ದರು. ಕೆಳಗೆ, ಗಿರಿಮಲ್ಲನ ಮೇಲೆ ನಮಗೆ ಸಿಟ್ಟಿಲ್ಲ ಎಂದು ತಿಳಿಸಿರಿ ಎಂದಿತ್ತು. ಆ ಸಾಲನ್ನು ಗಟ್ಟಿಯಾಗಿ ಓದಲು ನನ್ನಿಂದ ಆಗಲಿಲ್ಲ. ಕ್ಷಮಿಸಿದ್ದಾರೆ, ಅದೂ ತಪ್ಪು ಮನುಷ್ಯನನ್ನು!

ಆ ದಿನ ನಿನಗೂ ನೆನಪಿದೆ. ಗಾಂಧೀಜಿಯವರನ್ನು ಕೊಂದವನು ಬ್ರಾಹ್ಮಣ ಎಂದು ಸುದ್ದಿ ಹಬ್ಬಿ, ಊರೂರಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬೀಳುತ್ತಿತ್ತು. ಅವ್ವ ಮಾಸ್ತರರ ಮನೆಯವರನ್ನೆಲ್ಲ ನಮ್ಮ ಮಗ್ಗದ ಕೋಣೆಯಲ್ಲಿ ಕೂಡಿಸಿದಳು. ತುಳಸಿ ಕುಂಡವನ್ನು ಒಳಗೆ ಎತ್ತಿಡಿಸಿ, ಅವರ ಬಾಗಿಲ ಚೌಕಟ್ಟಿಗೆ ವಿಭೂತಿ ಕಲಸಿ ಮೂರು ಪಟ್ಟಿ ಎಳೆದಳು. "ಮಾಸ್ತರ, ಇವತ್ತೊಂದ ದಿವಸ ನಮ್ಮವರಾಗ್ರಿ. ನಾಳಿ ಮತ್ತ ಮಡಿ ಮಾಡಿಕೊಳ್ಳೀರಂತ" ಎಂದಳು. ಆ ಹೊತ್ತಿನಲ್ಲೂ ಮಾಸ್ತರರು ನಕ್ಕರು.

ನೀನು ಓಣಿಯ ಬಾಯಲ್ಲಿ ನಿಂತು, ಬಂದವರಿಗೆ ನೀರು ಕೊಟ್ಟು, "ಇಲ್ಲೆಲ್ಲಾ ನೇಕಾರರ ಅದಾರ್ರಿ" ಎಂದು ಹೇಳುತ್ತಿದ್ದೆ. ಗುಂಪು ವಿಭೂತಿ ನೋಡಿ ಮುಂದೆ ಹೋಗಿಯೂ ಆಗಿತ್ತು. ಹಿಂದೆ ಉಳಿದ ರುಮಾಲಿನವನೊಬ್ಬ ಮಾಸ್ತರರ ಬಾಗಿಲು ತೋರಿಸಿ, ನಮ್ಮ ಕಟ್ಟೆಯ ಮೇಲಿದ್ದ ನನ್ನನ್ನು ಕೇಳಿದ: "ಏ ತಮ್ಮಾ, ಇದು ಯಾರ ಮನಿ? ಖರೆ ಹೇಳು."

ಖರೆ ಹೇಳು! ತರಗತಿಯಲ್ಲಿ ಮಾಸ್ತರರ ಮಾತೂ ಅದೇ ಆಗಿತ್ತು: "ಖರೆ ಹೇಳಿದವಗ ಛಡಿ ಇಲ್ಲ." ಆದರೆ ಆ ವಾರವೇ ಶಾಯಿ ಚೆಲ್ಲಿದವನು ನಾನೆಂದು ಒಪ್ಪಿಕೊಂಡರೂ ನನ್ನ ಅಂಗೈಗೆ ಬೆತ್ತದ ನಾಲ್ಕು ಏಟು ಬಿದ್ದಿದ್ದವು. "ಅನಂತ ಮಾಸ್ತರದು ರೀ" ಎಂದೆ. ಹನ್ನೆರಡು ವರ್ಷದ ಹುಡುಗ, ರೂಢಿಯಿಂದ ಖರೆ ಹೇಳಿದ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಂಗೈ ಇನ್ನೂ ಉರಿಯುತ್ತಿತ್ತು. ಹೇಳುವಾಗ ನನಗೆ ಹಿತವೆನಿಸಿತ್ತು. ಅವರ ಮಾಳಿಗೆಯಿಂದ ಹೊಗೆ ಎದ್ದಾಗ ಮಾತ್ರ ಉಚ್ಚೆ ಹೊಯ್ದುಕೊಂಡೆ.

ಮರುದಿನ ಮಾಸ್ತರರು ಚಕ್ಕಡಿ ಹತ್ತುವಾಗ ನನ್ನ ತಲೆ ಸವರಿ "ಸಾಲಿ ಬಿಡಬ್ಯಾಡ" ಎಂದರು. ಆಮೇಲೆ ಆ ಶಾಲೆಯಲ್ಲಿ ನಾನು ಹೇಗೆ ಕೂಡಲಿ? ಗುಂಪಿನೊಡನೆ ನೀನು ಮಾತಾಡಿದ್ದನ್ನು ಯಾರೋ ನೋಡಿದ್ದರು. ಅಪ್ಪ "ಉಂಡ ಮನಿ ಜಂತಿ ಎಣಿಸಿದೆಲ್ಲೋ" ಎಂದು ನಿನ್ನನ್ನು ಹೊಡೆದ. ನೀನು "ನಾನಲ್ಲ" ಎನ್ನಲಿಲ್ಲ. ಒಮ್ಮೆ ನನ್ನ ಕಡೆ ನೋಡಿದೆ, ಅಷ್ಟೇ. ಅಣ್ಣಾ, ನಿನಗೆ ಗೊತ್ತಿತ್ತೇನು? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಸೊಲ್ಲಾಪುರಕ್ಕೆ ಹೋದೆಯಾ? ಹಾಗಿದ್ದರೆ ನಿನ್ನ ಮೇಲೂ ನನಗೆ ಸಿಟ್ಟಿದೆ. ಆರು ವರ್ಷ ನಿನ್ನ ಕರುಣೆಯ ಕೆಳಗೆ ನಾನು ಹರಿಶ್ಚಂದ್ರನಾಗಿ ಬದುಕಿದೆ. ಊರವರನ್ನು ಕೇಳಿದರೆ "ಆದದ್ದು ಆಗಿಹೋತು ಬಿಡೋ" ಎನ್ನುತ್ತಾರೆ. ಆ ಮನೆಯ ಗೋಡೆಗಳು ಮಾಳಿಗೆಯಿಲ್ಲದೆ ಹಾಗೇ ನಿಂತಿವೆ. ಚೌಕಟ್ಟಿನ ವಿಭೂತಿ ಮಸಿಯ ಕೆಳಗೆ ಇನ್ನೂ ಕಾಣುತ್ತದೆ.

ಅತ್ತಿಗೆಗೆ ನಮಸ್ಕಾರ, ಮಗುವಿಗೆ ಮುತ್ತು. ಕ್ಷಮಿಸು ಎಂದು ಬರೆಯುವುದಿಲ್ಲ. ಆ ಮಾತನ್ನು ಎದುರು ನಿಂತು ಕೇಳಬೇಕು.

ನಿನ್ನ ತಮ್ಮ,
ಶಿದ್ರಾಮಪ್ಪ

ತಾ.ಕ.: ಇದನ್ನೆಲ್ಲ ಇಂದು ಮುಂಜಾನೆ ಅಪ್ಪನಿಗೂ ಅವ್ವನಿಗೂ ಹೇಳಿದೆ. ಅವ್ವ ಎದ್ದು ಅಡಿಗೆಮನೆಗೆ ಹೋದಳು. ಅಪ್ಪ ಕೈಯೆತ್ತಲಿಲ್ಲ. ಮಗ್ಗದ ಮುಂದೆ ಕುಳಿತೇ ಇದ್ದಾನೆ, ಲಾಳಿ ಎಸೆದಿಲ್ಲ. ಈಗ ತಾನೇ ಒಳಗಿನಿಂದ "ಗಿರಮಲ್ಲಗ ಮನಿಗೆ ಬಾ ಅಂತ ಬರಿ" ಎಂದ. ಬರೆದಿದ್ದೇನೆ. ಕುಮುದಿನಿಬಾಯಿಯವರಿಗೆ ಕಾರ್ಡಿನಲ್ಲಿ ಉತ್ತರ ಬರೆಯಲಾರೆ. ನಾಳೆ ಮುಂಜಾನೆಯ ಮೋಟಾರಿಗೆ ಕುಡಚಿಗೆ, ಅಲ್ಲಿಂದ ರೈಲಿನಲ್ಲಿ ಮಿರಜಕ್ಕೆ ಹೋಗುತ್ತೇನೆ.